ಹಗುರ ಗಾಡಿ

ಅಂಗಳದಲ್ಲಿ ಸ್ನಾನದ ಹಲಗೆಗೆ ಜಾಗ ಬೇಕಾಗಿತ್ತು. ಏಜಾಜ್ ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಪ್ಪನ ಗಾಡಿಯನ್ನು ಓಣಿಗೆ ತಳ್ಳಿದ.

“ಬಸವಣಪ್ಪ ಕಾಕಾ, ಕಲ್ಯಾಣದಿಂದ ಏಜಾಜ್ ಮಾತಾಡಾಕತ್ತೇನಿ. ಅಬ್ಬಾ ಹೋಗಿಬಿಟ್ರು.”

ಆ ಕಡೆ ಹುಮನಾಬಾದಿನ ಮನೆಯಲ್ಲಿ ಕುಕ್ಕರು ಕೂಗುವುದು ಕೇಳಿಸಿತು.

“ಮುಂಜಾನೆ ನಮಾಜ್ ಮುಗಿಸಿ ಬಂದು, ಚಾ ಕುಡಿದು, ಗ್ವಾಡಿಗೆ ಒರಗಿ ಕೂತಿದ್ರು. ಅಷ್ಟೇ. ಮಧ್ಯಾಹ್ನದ ನಮಾಜ್ ಆದ ಮ್ಯಾಲೆ ಮಣ್ಣು. ನೀವು ಬಸ್ಸಿಗೆ ಬರ್ರಿ, ಗಾಡಿ ಬ್ಯಾಡ.”

“ಬಸ್ಸು ಯಾಕ? ನನಗೇನಾಗ್ಯದ?” ಎಂದು ಬಸವಣಪ್ಪ ಫೋನು ಇಟ್ಟರು.

ಅವರಿಗೆ ಅರವತ್ತೊಂಬತ್ತು. ಸತ್ತ ಯುನೂಸ್ ಒಂದು ವರ್ಷಕ್ಕೆ ದೊಡ್ಡವರು. ನಲವತ್ತು ವರ್ಷದ ಗೆಳೆತನದಲ್ಲಿ ಕೊನೆಯ ಹತ್ತು ತಿಂಗಳು ಮಾತಿರಲಿಲ್ಲ. ‘ನೀ ಹೇಳಿದ್ದು ಖರೆ’ ಎಂಬ ಒಂದು ಮಾತನ್ನು ಬಸವಣಪ್ಪ ಹತ್ತು ತಿಂಗಳಿಂದ ಬಾಯೊಳಗೇ ಇಟ್ಟುಕೊಂಡಿದ್ದರು. ಇನ್ನು ಮಣ್ಣು ಮುಚ್ಚುವುದರೊಳಗೆ ಅದನ್ನು ಹೇಳಬೇಕಿತ್ತು. ಮೂರನೆಯ ಒದೆತಕ್ಕೆ ಬುಲೆಟ್ ಶುರುವಾಯಿತು.

*

ಯುನೂಸ್ ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಬಸವಣಪ್ಪನವರದು ಹುಮನಾಬಾದಿನಲ್ಲಿ ಪೈಪಿನ ಅಂಗಡಿ. ಇಬ್ಬರೂ ಒಂದೇ ವಾರದಲ್ಲಿ ಬುಲೆಟ್ ಕೊಂಡಿದ್ದರು. ಚಿಟಗುಪ್ಪ, ಕೊಡಂಬಲದ ಹೊಲಗಳಲ್ಲಿ ಆ ಎರಡು ಗಾಡಿಗಳ ಸಪ್ಪಳ ಕೇಳಿದರೆ, ಸಂಜೆಗೆ ನೀರು ಬರುತ್ತದೆ ಎಂದು ಹೆಂಗಸರು ಬಟ್ಟೆ ನೆನೆಹಾಕುತ್ತಿದ್ದರು.

ಹೋದ ವರ್ಷ ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ, ಬಸ್ಸಿಗೆ ದಾರಿ ಬಿಡಲು ಯುನೂಸ್ ಗಾಡಿ ನಿಲ್ಲಿಸಿ ಕಾಲು ಊರಿದರು. ಮೊಣಕಾಲು ತಡೆಯಲಿಲ್ಲ. ಬುಲೆಟ್ ಮೆಲ್ಲಗೆ ಮಲಗಿತು, ಅವರೂ ಅದರೊಂದಿಗೆ. ಇಬ್ಬರು ಬಂದು ಎತ್ತಿದರು. ಯುನೂಸ್ ಪೈಜಾಮದ ಧೂಳು ಝಾಡಿಸಿ, ಯಾರಿಗೋ ಲೆಕ್ಕ ಒಪ್ಪಿಸಿದವರಂತೆ “ಸಾಕು” ಎಂದರು.

ಮುಂದಿನ ಮಂಗಳವಾರ, ಇಬ್ಬರೂ ಚಹಾಕ್ಕೆ ಸೇರುತ್ತಿದ್ದ ಹುಮನಾಬಾದಿನ ಇರ್ಫಾನನ ಹೋಟೆಲಿನ ಮುಂದೆ ಸಣ್ಣ ಗಾಡಿಯೊಂದು ಬಂದು ನಿಂತಿತು. ಯುನೂಸ್ ಅದರಿಂದ ಇಳಿದದ್ದು ಖುರ್ಚಿಯಿಂದ ಎದ್ದಷ್ಟು ಸಲೀಸಾಗಿತ್ತು.

“ಇದೇನಲೇ ಯುನೂಸ್? ಮೊಮ್ಮಗಳದೇನು?” ಬಸವಣಪ್ಪ ಎಲ್ಲರಿಗೂ ಕೇಳುವಂತೆ ಕೂಗಿದರು.

“ನಂದೇ. ಗುಂಡಿ ಒತ್ತಿದ್ರ ಶುರು ಆಗ್ತದ.”

“ಒಂದು ಗಂಟಿ ಕಟ್ಟಿಸು, ಸೈಕಲ್ ಅಂತ ಜನ ದಾರಿ ಬಿಡ್ತಾರ. ನನ್ನ ಗಾಡಿ ಬಾಜೂ ಮಾತ್ರ ನಿಲ್ಲಿಸಬ್ಯಾಡಪಾ, ಮರ್ಯಾದಿ ಹೋಗ್ತದ.”

ಹೋಟೆಲು ನಕ್ಕಿತು. ಯುನೂಸ್ ಸಹ ನಕ್ಕರು. “ಗಾಡಿ ನನ್ನ ಹೊರಬೇಕು ಬಸಣ್ಣ, ನಾ ಗಾಡಿ ಹೊರಬಾರದು. ಮತ್ತ ನಿನ್ನ ಮಣಕಾಲೂ ಹೋಗ್ಯಾವ. ನೂಕೂದು ಆಗ್ದ ಇಳಿಜಾರು ಹುಡುಕಿ ಗಾಡಿ ನಿಲ್ಲಸ್ತಿ, ನಾ ನೋಡೀನಿ.”

ಈ ಸಲ ಯಾರೂ ನಗಲಿಲ್ಲ. ಬಸವಣಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅಂದಿನಿಂದ ಹೋಟೆಲಿಗೂ ಹೋಗಲಿಲ್ಲ, ಯುನೂಸರ ಫೋನೂ ಎತ್ತಲಿಲ್ಲ.

*

ಓಣಿಗೆ ಬುಲೆಟ್ ಬರುವ ಸದ್ದು ಕೇಳಿ ಜನ ಎರಡೂ ಬದಿಗೆ ಸರಿದರು. ಬಸವಣಪ್ಪ ಗಾಡಿಯನ್ನು ಸ್ಟ್ಯಾಂಡಿಗೆ ಎಳೆದರು. ಅದು ಏರಲಿಲ್ಲ. ಹುಮನಾಬಾದಿನಿಂದ ಬಂದಿದ್ದ ಇರ್ಫಾನ ಹತ್ತಿರ ಓಡಿದ.

“ಹಿಡೀಲೇನ್ರಿ ಕಾಕಾ?”

“ಬ್ಯಾಡ. ಬಿಡು.” ಅವರು ಗಾಡಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಬಿಳಿ ಬಟ್ಟೆಯಲ್ಲಿ ಯುನೂಸರ ಮುಖವಷ್ಟೇ ತೆರೆದಿತ್ತು. ಸುತ್ತ ಹತ್ತು ಮಂದಿ. ಬಸವಣಪ್ಪ ಬಾಗಿದರು, ತುಟಿ ಅಲುಗಿತು. ಹಿಂದೆ ಯಾರೋ, “ಸರೀರಿ, ಇನ್ನೂ ಮಂದಿ ನೋಡಬೇಕು” ಎಂದರು. ಅವರು ಸರಿದರು.

ಒಳಕೋಣೆಯ ಪರದೆಯ ಹಿಂದಿನಿಂದ ಯುನೂಸರ ಹೆಂಡತಿ ವಜೀರಬಿಯ ದನಿ ಬಂತು. “ಬಸಣ್ಣ ಭಾಯಿ, ಬಂದ್ರೇನು?”

“ಬಂದೀನಿ ಭಾಬಿ. ತಡ ಮಾಡಿ ಬಂದೀನಿ.”

“ಅವ್ರು ಸಿಟ್ಟು ಇಟ್ಕೊಂಡಿದ್ದಿಲ್ಲ. ‘ಬರ್ತಾನ, ಮೊದಲ ಅವನ ಸಿಟ್ಟು ಇಳೀಲಿ’ ಅಂತಿದ್ರು.” ವಜೀರಬಿ ಮೂಗು ಒರೆಸಿಕೊಂಡರು. “ಮೂವತ್ತೈದು ವರ್ಷ ಆ ದೊಡ್ಡ ಗಾಡಿ ಮ್ಯಾಲ ನಾ ಕೂತಿದ್ದಿಲ್ಲ ಭಾಯಿ. ಕಾಲು ಎಟುಕತಿದ್ದಿಲ್ಲ, ಅಂಜಿಕಿ. ಈ ಸಣ್ಣದು ಬಂದ ಮ್ಯಾಲ ನನ್ನ ನಾರಾಯಣಪುರಕ್ಕ ಕರಕೊಂಡು ಹೋದ್ರು, ತವರಿಗೆ ಕರಕೊಂಡು ಹೋದ್ರು. ನಿನ್ನಿ ಕೊಡಂಬಲದಾಗ ಮೋಟರ್ ಕಟ್ಟಿ ಬಂದ್ರು. ಒಂದು ದಿನಾನೂ ಮನ್ಯಾಗ ಕೂಡ್ರಲಿಲ್ಲ.”

“ಹೌದೇನ್ರಿ,” ಎಂದರು ಬಸವಣಪ್ಪ. ತಾವು ಕೊಡಂಬಲಕ್ಕೆ ಹೋಗಿ ಏಳು ತಿಂಗಳಾಗಿತ್ತು. ಗಾಡಿ ತಿರುಗಿಸಲು ಅಲ್ಲಿ ಇಳಿಜಾರಿಲ್ಲ.

*

ಮಸೀದಿಯ ಮುಂದಿನ ಬಯಲಲ್ಲಿ ಸಾಲುಗಳು ಕಟ್ಟಿದವು. ಬಸವಣಪ್ಪ ಬೇವಿನ ನೆರಳಲ್ಲಿ, ಊರಿನ ಇತರರ ಜೊತೆ ನಿಂತರು. ನಮಾಜಿಗೆ ಮೊದಲು ಏಜಾಜ್ ಜನರ ಕಡೆ ತಿರುಗಿ, ಮಗ ಕೇಳಬೇಕಾದದ್ದನ್ನು ಕೇಳಿದ. “ನಮ್ಮ ಅಬ್ಬಾನಿಂದ ಯಾರಿಗಾದ್ರೂ ತಪ್ಪಾಗಿದ್ರ, ಮಾತಿನಿಂದ ನೋವಾಗಿದ್ರ, ಮಾಫ್ ಮಾಡ್ರಿ.”

“ಮಾಫ್ ಮಾಡೀವಿ,” ಎಂದವು ಸಾಲುಗಳು.

ಬಸವಣಪ್ಪನವರ ಬಾಯಿ ತೆರೆಯಿತು. ಅವರು ಮಾಫ್ ಮಾಡಬೇಕಾದದ್ದು ಏನೂ ಇರಲಿಲ್ಲ. ಮಾಫಿ ಕೇಳಬೇಕಾದವರು ಅವರೇ, ಸತ್ತವರ ಹತ್ತಿರ ಅದನ್ನು ಕೇಳಲು ಅಲ್ಲಿ ಪದ್ಧತಿಯೂ ಇರಲಿಲ್ಲ. ಅಷ್ಟರಲ್ಲಿ ನಮಾಜು ಶುರುವಾಯಿತು.

ಕಬರಸ್ತಾನಕ್ಕೆ ಅವರೂ ಹೆಗಲು ಕೊಟ್ಟು ನಡೆದರು. ಇರ್ಫಾನ “ನಾ ಹಿಡೀತೀನಿ ಕಾಕಾ” ಎಂದು ಎರಡು ಸಲ ಅಂದ. ಅವರು ತಲೆಯಾಡಿಸಿದರೇ ಹೊರತು ಹೆಗಲು ಬಿಡಲಿಲ್ಲ.

ಯುನೂಸರನ್ನು ಇಳಿಸಿ, ಕಲ್ಲು ಮುಚ್ಚಿದ ಮೇಲೆ ಒಬ್ಬೊಬ್ಬರೇ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಬಸವಣಪ್ಪನವರ ಸರದಿ ಬಂತು. ಮೊದಲ ಹಿಡಿಗೆ ಸೊಂಟ ಬಗ್ಗಿಸಿದರು. ಎರಡನೆಯದಕ್ಕೆ ಮೊಣಕಾಲು ಕುಸಿಯಿತು. ತೇವದ ಮಣ್ಣಿನ ಮೇಲೆ ಮಂಡಿಯೂರಿ ಬಿದ್ದರು. ಏಜಾಜ್ ಧಾವಿಸಿದ.

“ನಿಲ್ಲಪಾ, ಇನ್ನೊಂದು ಹಿಡಿ ಅದ.”

ಮೂರನೆಯ ಹಿಡಿಯನ್ನು ಅವರು ಕೂತಲ್ಲಿಂದಲೇ ಹಾಕಿದರು. ಆಮೇಲೆ ಅಂಗಡಿಯಿಂದ ಅಂಗಡಿಗೆ ಕೂಗುವವರ ದನಿಯಲ್ಲಿ, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು. “ಯುನೂಸ್! ನೀ ಹೇಳಿದ್ದು ಖರೆ ಇತ್ತಪಾ. ನನ್ನ ಮಣಕಾಲು ಯಾವಾಗೋ ಹೋಗ್ಯಾವ. ಗಾಡಿ ಬಾಜೂ ನಿಲ್ಲಿಸಬ್ಯಾಡ ಅಂದಿದ್ದೆ. ತಪ್ಪಾಗ್ಯದ, ಮಾಫ್ ಮಾಡು.”

ಗುದ್ದಲಿ ಹಿಡಿದವರು ನಿಂತುಬಿಟ್ಟರು. ಇರ್ಫಾನ ಕಣ್ಣೊರೆಸಿಕೊಳ್ಳುತ್ತಲೇ ಅಂದ, “ಅವತ್ತೇ ಹೋಟೆಲಿನಾಗ ಅಂದಿದ್ರ ಚಾ ಆದ್ರೂ ಪೂರಾ ಕುಡೀತಿದ್ರಿ, ಕಾಕಾ.”

“ಹೂಂ. ಅವತ್ತು ಚಾ ಭಾಳ ಛಲೋ ಆಗಿತ್ತು,” ಎಂದರು ಬಸವಣಪ್ಪ. ನಕ್ಕರೋ ಅತ್ತರೋ, ಭುಜ ಅಲುಗಿದವು. ನಂತರ ಎರಡೂ ಕೈ ಮೇಲಕ್ಕೆ ಚಾಚಿ, “ಎತ್ರಪಾ ನನ್ನ” ಎಂದರು.

ಏಜಾಜ್ ಒಂದು ಕಡೆ, ಇರ್ಫಾನ ಒಂದು ಕಡೆ. ಬಸವಣಪ್ಪ ತಮ್ಮ ಪೂರ್ತಿ ಭಾರವನ್ನು ಇಬ್ಬರಿಗೂ ಬಿಟ್ಟುಕೊಟ್ಟು ಎದ್ದರು. ಗೇಟಿನವರೆಗೂ ಅವರನ್ನು ಹಿಡಿದುಕೊಂಡೇ ನಡೆದ ಏಜಾಜ್‌ನ ಬಿಳಿ ಅಂಗಿಯ ತೋಳ ಮೇಲೆ, ಐದೂ ಬೆರಳು ಬಿಡಿಸಿದ ಒಂದು ಮಣ್ಣಿನ ಕೈ ಅಚ್ಚಾಗಿ ಉಳಿದಿತ್ತು. ಅವನು ಅದನ್ನು ಝಾಡಿಸಲಿಲ್ಲ.