ಮೊಳೆಗೆ ನೇತುಹಾಕಿದ ಬಿಲ್ಲೆ

ಶರ್ಟಿನ ಕಾಲರ್ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಕಾರ್ಖಾನೆಯವರೆಲ್ಲ ಕಾಲರಕ್ಕ ಅನ್ನುತ್ತಿದ್ದರು. ಬೆಳಿಗ್ಗೆ ಮಿಷನ್ ಮುಂದೆ ಕೂತರೆ ಸಂಜೆಗೇ ಏಳುವವಳು. ಏಳುವುದಾದರೂ ಹೇಗೆ? ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಯಿಂದ ಮರದ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಸಾಲಿಗೆಲ್ಲ ಇದ್ದದ್ದು ಒಂದೇ ಬಿಲ್ಲೆ. ಯಾವ ಪುಣ್ಯಾತ್ಮನಿಗೆ ಹೊಳೆದದ್ದೋ, ಅವನ ಬುದ್ಧಿಗಿಷ್ಟು ಬೆಂಕಿ ಹಾಕ. ಹೊಸ ಹುಡುಗಿಯರಿಗೆ ಉಪಾಯ ಹೇಳಿಕೊಟ್ಟವಳು ಅಕ್ಕನೇ: "ನೀರು ಕುಡೀಬೇಡ್ರೇ, ತುಟಿ ಒದ್ದೆ ಮಾಡ್ಕೊಳ್ಳಿ ಸಾಕು."

ಅವತ್ತು ಬೆನ್ನ ಪಕ್ಕದಲ್ಲಿ ಎದ್ದ ನೋವು ತೊಡೆಸಂದಿಗೆ ಇಳಿಯಿತು. ಕೂತರೂ ತಡೆಯದು, ನಿಂತರೂ ತಡೆಯದು. ವಾಂತಿಯಾಯಿತು, ಮೂತ್ರ ಕೆಂಪಗೆ ಹೋಯಿತು.

"ಗ್ಯಾಸ್ ಅಷ್ಟೇ, ಸೋಡಾ ಕುಡಿ," ಅಂದ ಸೂಪರ್‌ವೈಸರ್, ತಲೆಯನ್ನೂ ಎತ್ತದೆ.

ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿದರು. "ಕಿಡ್ನಿ ಕಲ್ಲಮ್ಮ. ಸಣ್ಣದು, ತಾನಾಗೇ ಹೋಗ್ಬಹುದು. ನೋವಿಗೆ ಮಾತ್ರೆ ಕೊಡ್ತೀನಿ. ಚೆನ್ನಾಗಿ ನೀರು ಕುಡಿ, ಮೂತ್ರ ಸೋಸಿ ಕಲ್ಲು ಸಿಕ್ಕಿದ್ರೆ ತಾ. ಚಳಿಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ ಆಗಿಂದಾಗ್ಲೇ ಬಾ. ಕೆಲಸದಲ್ಲಿ ನೀರು ಕುಡಿಯಲ್ವಾ?"

"ಕುಡಿಯೋ ಹಾಗಿಲ್ಲ," ಅಂದಳು. ಹೇಳುತ್ತಿದ್ದಂತೆ ಅವಳಿಗೆ ಮೈಯೆಲ್ಲ ಉರಿಯಿತು.

ಕೆಲವು ದಿನಕ್ಕೆ ಹಳೇ ಟೀ ಸೋಸುವ ಜಾಲರಿಯಲ್ಲಿ ಕಲ್ಲು ಸಿಕ್ಕಿತು. ಎಳ್ಳುಕಾಳಿನಷ್ಟು. ಅದನ್ನು ನೋಡಿದ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ನೀರು ಬಿಟ್ರೆ ಮತ್ತೆ ಬರುತ್ತೆ."

ಕೆಲಸಕ್ಕೆ ಮರಳಿದ ದಿನ ಮಿಷನ್ ಪಕ್ಕ ತುಂಬಿದ ಬಾಟಲಿ ಇಟ್ಟು, ಎಲ್ಲರೆದುರಿಗೇ ಅರ್ಧ ಕುಡಿದಳು. ಸ್ವಲ್ಪ ಹೊತ್ತಿಗೆ ಎದ್ದಳು. ಮೊಳೆ ಖಾಲಿಯಿತ್ತು.

"ಬಿಲ್ಲೆ ಬರ್ಲಿ, ಕೂತ್ಕೋ," ಅಂದ ಸೂಪರ್‌ವೈಸರ್.

ಅಕ್ಕ ಹೋಗಿಯೇ ಹೋದಳು. ಬರುವಷ್ಟರಲ್ಲಿ ಬಿಲ್ಲೆ ಮೊಳೆಗೆ ವಾಪಸಾಗಿತ್ತು. ನೂಲು ಕತ್ತರಿಸುವ ಕತ್ತರಿಯಿಂದ ಅದರ ದಾರ ತುಂಡರಿಸಿ, ಬಿಲ್ಲೆಯನ್ನು ಚಿಂದಿ ಬಟ್ಟೆಯ ಮೂಟೆಗೆ ಎಸೆದಳು.

"ಕೆಲಸದಿಂದ ತೆಗೆಸ್ತೀನಿ ನೋಡು," ಅಂದ ಅವನು.

"ತೆಗೆಸಿ. ಕಾಲರ್ ನೀವೇ ಹೊಲೀರಿ." ಅಕ್ಕ ಹುಡುಗಿಯರ ಕಡೆ ತಿರುಗಿದಳು. "ನಾನು ಕಲಿಸಿದ್ದು ತಪ್ಪು ಕಣ್ರೇ. ಕುಡೀರಿ."

ಒಂದೊಂದಾಗಿ ಮಿಷನ್‌ಗಳು ನಿಂತವು. ಗುಂಡಿ ಹಾಕುವ ಹುಡುಗಿ ಸೂಪರ್‌ವೈಸರನ ಮುಖ ನೋಡಿದಳು, ಅಕ್ಕನ ಬಾಟಲಿ ಎತ್ತಿದಳು, ಉಳಿದ ನೀರನ್ನೆಲ್ಲ ಗಟಗಟ ಕುಡಿದುಬಿಟ್ಟಳು.