ಶುದ್ಧ ನೀರಿನಲ್ಲಿ ಮೀನು

ಪರದೆಯ ಮೇಲೆ ಮತ್ತೆ ಸೊನ್ನೆಯೇ ಬಂದಾಗ ಪುಟ್ಟಿ ಕನ್ನಡಕ ತೆಗೆದಿಟ್ಟು ಕಣ್ಣುಜ್ಜಿಕೊಂಡಳು. ವಯಸ್ಸು ನಲವತ್ತು ದಾಟಿದ್ದರೂ ಭಾವ ಕರೆಯುವ ಆ ಹೆಸರು ಪ್ರಯೋಗಾಲಯದಲ್ಲೂ ಅಂಟಿಕೊಂಡಿತ್ತು. ಅಕ್ಕನ ಗಂಡನಾದ ಅವರು ದೋಣಿಯಲ್ಲಿ ಹೋಗಿ ಇದೇ ಪ್ರಯೋಗಾಲಯಕ್ಕೆ ಹೊಳೆಯ ನೀರು ತುಂಬಿ ತರುತ್ತಿದ್ದರು.

ಆ ಹೊಳೆಯಲ್ಲಿ ಒಂದು ಕಾಲಕ್ಕೆ ಬೇಕಾದಷ್ಟಿದ್ದ ಮೀನೊಂದು ಈಗ ಕೊಳದಲ್ಲಿ ಸಾಕುವವರ ಹತ್ತಿರ ಮಾತ್ರ ಸಿಗುತ್ತಿತ್ತು. ಹೊಳೆಯಲ್ಲಿ ಇನ್ನೂ ಉಳಿದಿದೆಯೇ ಎಂದು ತಿಳಿಯಬೇಕಿತ್ತು. ಮೀನು ಈಜಿದ ನೀರಿನಲ್ಲಿ ಅದರ ಡಿಎನ್‌ಎ ಚೂರುಪಾರು ಉಳಿಯುತ್ತದೆ. ಪ್ರೈಮರ್ ಎಂಬ ಚಿಕ್ಕ ತುಣುಕು ಆ ಮೀನಿನ ಡಿಎನ್‌ಎಯನ್ನೇ ಹುಡುಕಿ ಹಿಡಿಯುತ್ತದೆ. ಯಂತ್ರ ಅದನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಓದಿದ ಪ್ರತಿ ಸಾಲಿನ ತಲೆಯಲ್ಲಿ ಪ್ರೈಮರ್‌ನ ಅಕ್ಷರಗಳಿವೆಯೇ ಎಂದು ಪುಟ್ಟಿಯ ಸಾಫ್ಟ್‌ವೇರ್ ತಾಳೆ ನೋಡುತ್ತಿತ್ತು. ಇದ್ದರೆ ಉಳಿಸುತ್ತಿತ್ತು, ಇಲ್ಲದಿದ್ದರೆ ಎಸೆಯುತ್ತಿತ್ತು. ಈ ಸಲ ಎಲ್ಲವನ್ನೂ ಎಸೆದಿತ್ತು.

ಎಸೆದ ಸಾಲುಗಳನ್ನು ತೆರೆದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಕಣ್ಣಲ್ಲೇ ನೋಡುತ್ತ ಹೋದಳು. ಕತ್ತು ಹಿಡಿದುಕೊಂಡಿತು, ತಂದಿಟ್ಟ ಚಹಾ ಆರಿತು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು: ಪ್ರೈಮರ್ ಇತ್ತು, ಆದರೆ ತಲೆಯಲ್ಲಲ್ಲ, ಸ್ವಲ್ಪ ಒಳಗೆ. ನೀರಿನ ಮಾದರಿಯನ್ನು ಯಂತ್ರದಲ್ಲಿ ಓದಿಸಿಕೊಟ್ಟ ಹೊರಗಿನ ಸಂಸ್ಥೆಯವರು ಪ್ರತಿ ಸಾಲಿನ ಮುಂದೆ ತಮ್ಮ ಗುರುತಿಗೆಂದು ನಾಲ್ಕಾರು ಅಕ್ಷರ ಸೇರಿಸಿ, ಹೇಳುವುದನ್ನು ಮರೆತಿದ್ದರು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು" ಎಂದು ತನ್ನಷ್ಟಕ್ಕೇ ಗೊಣಗಿ, ಮುಂದಿನ ಅಕ್ಷರಗಳನ್ನು ಬಿಟ್ಟು ಹುಡುಕುವಂತೆ ಬದಲಿಸಿದಳು. ಮೊದಲ ಬಾಟಲಿಯಲ್ಲೇ ಮೀನು ಸಿಕ್ಕಿತು. ಎರಡನೆಯದರಲ್ಲೂ.

ಅಷ್ಟರಲ್ಲಿ ಒದ್ದೆ ಪ್ಯಾಂಟು ಮಡಚಿಕೊಂಡು ಭಾವ ಒಳಗೆ ಬಂದರು. ಸುದ್ದಿ ಕೇಳಿ ಸ್ಟೂಲಿನ ಮೇಲೆ ಕುಸಿದು ಕುಳಿತರು.

"ನಮ್ಮಪ್ಪ ಬಲೆ ಎಳೆಯೋವಾಗ ಇದೇ ಬರ್ತಿತ್ತು ಪುಟ್ಟಿ. ನಾನಂತೂ ಆಸೆ ಬಿಟ್ಟಿದ್ದೆ."

ಅವರು ಮಾತಾಡುತ್ತಿದ್ದಂತೆಯೇ ಅವಳು ಉಳಿದ ಬಾಟಲಿಗಳನ್ನೂ ನೋಡಿದಳು. ಕೊನೆಯದು, ಹೊರಗಿನದೇನಾದರೂ ಬಾಟಲಿಗಳಿಗೆ ಬೆರೆತಿದೆಯೇ ಎಂದು ತಿಳಿಯಲು ಪ್ರಯೋಗಾಲಯದಿಂದಲೇ ಶುದ್ಧ ನೀರು ತುಂಬಿ ಒಯ್ದು, ದೋಣಿಯಲ್ಲಿ ಮುಚ್ಚಳ ತೆಗೆದು ಮತ್ತೆ ಮುಚ್ಚಿ ವಾಪಸು ತಂದದ್ದು. ಅದರಲ್ಲಿ ಏನೂ ಇರಬಾರದು. ಅದರಲ್ಲೂ ಮೀನಿತ್ತು.

ಪುಟ್ಟಿ ಅವರತ್ತ ತಿರುಗಿದಳು. "ಭಾವ, ಅವತ್ತು ದೋಣಿಯಲ್ಲಿ ಊಟಕ್ಕೆ ಏನು ತಗೊಂಡು ಹೋಗಿದ್ರಿ?"

"ನಿಮ್ಮಕ್ಕ ಮೀನು ಹುರಿದು ಕಟ್ಟಿದ್ಲು. ಪೇಟೇದು, ಕೊಳದ ಮೀನು." ಹೇಳುತ್ತ ಹೇಳುತ್ತಲೇ ಅವರ ಮುಖ ಇಳಿಯಿತು. "ಇದೇ ಜಾತಿ. ಕೈ ತೊಳ್ಕೊಂಡಿದ್ದೆ, ಆದ್ರೆ ಹೊಳೆ ನೀರಲ್ಲೇ. ಗ್ಲೌಸ್ ಹಾಕ್ಕೊಂಡಿರ್ಲಿಲ್ಲ."

ಫ್ಯಾನು ತಿರುಗುತ್ತಿತ್ತು. ಭಾವ ಮಂಡಿ ನೀವಿಕೊಂಡರು.

"ಆ ಒಂದು ಬಾಟಲಿ ಬಿಟ್ಟುಬಿಟ್ರೆ ಆಗಲ್ವಾ?"

ಅದೇ ಕೈ ಮುಟ್ಟಿದ್ದ ಉಳಿದ ಬಾಟಲಿಗಳ ಸಾಲುಗಳನ್ನು ಅವಳು ಪರದೆಯ ಮೇಲೆ ತೋರಿಸಿದಳು. ಅವರು ಕೈ ಬೀಸಿದರು. "ಬೇಡ ಬಿಡು. ಸುಮ್ನೆ ಕೇಳ್ದೆ. ಇನ್ನೊಂದ್ಸಲ ಹೋಗಿ ಬರ್ತೀನಿ."

ಆ ವಾರವೇ ಬ್ರೆಡ್ಡು, ಬಾಳೆಹಣ್ಣು ಕಟ್ಟಿಸಿಕೊಂಡು ಹೋದರು. ಸೊಂಟ ನೋವಿದ್ದರೂ ಹೊಳೆಯ ಅದೇ ಜಾಗಗಳಿಗೆ ಹುಟ್ಟು ಹಾಕಿಕೊಂಡು ಹೋದರು, ಪ್ರತಿ ಬಾಟಲಿಗೂ ಹೊಸ ಕೈಗವಸು ತೊಟ್ಟರು. ಯಂತ್ರ ಓದಿದ ಅಕ್ಷರಗಳು ಬಂದ ದಿನ ಬೆಳಗ್ಗೆಯೇ ಬಂದು ಪುಟ್ಟಿಯ ಪಕ್ಕ ಕುಳಿತರು. ಶುದ್ಧ ನೀರಿನಲ್ಲಿ ಏನೂ ಇರಲಿಲ್ಲ. ಹೊಳೆಯ ನೀರಿನಲ್ಲೂ ಏನೂ ಇರಲಿಲ್ಲ.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಭಾವ. ಒಂದೆರಡು ಅಕ್ಷರ ತಪ್ಪಿದ್ರೂ ಇರ್ಲಿ ಅಂತ ಸಡಿಲ ಮಾಡಿಯೂ ನೋಡ್ದೆ. ಆಗ ಅದನ್ನ ಹೋಲೋ ಬೇರೆ ಮೀನು ಸಿಗ್ತಾವೆ. ಅದಿಲ್ಲ."

ಅವರು ತಲೆಯಾಡಿಸಿದರು. "ಹಾಗಾದ್ರೆ ಹಾಗೇ ಬರಿ."

'ಕಂಡುಬಂದಿಲ್ಲ' ಎಂದು ಬರೆದು ವರದಿ ಕಳಿಸುವಷ್ಟರಲ್ಲಿ ಭಾವ ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಪುಟ್ಟಿ ಕಂಪ್ಯೂಟರ್ ಆರಿಸಿ, ತಾನೂ ಕಣ್ಣುಮುಚ್ಚಿ ಕುಳಿತಳು.