ಅಣ್ಣನಿಗಾಗಿ ಇಳಿಸಿದ ಶ್ರುತಿ

ಆ ಸಂಗೀತ ನಾಟಕದ ಸಂಘ ಶುರುವಾದದ್ದು ರೈಲ್ವೆ ಗುಮಾಸ್ತರ ವಿರಾಮದ ಕೋಣೆಯಲ್ಲಿ. ಇಸ್ಪೀಟಾಡಿ ಬೇಸತ್ತ ನಾಲ್ಕೈದು ಜನ ಸೇರಿ ಒಂದು ನಾಟಕ ಕಟ್ಟಿದರು. ಊರಿನವರು ಚಪ್ಪಾಳೆ ತಟ್ಟಿದ್ದೇ ತಪ್ಪಾಯಿತು, ಅಲ್ಲಿಂದ ಮುಂದೆ ವರ್ಷಕ್ಕೊಂದು ನಾಟಕ. ಗುಮಾಸ್ತರಲ್ಲೊಬ್ಬರ ಮಗ ರಾಜನ ಪಾತ್ರ ಹಿಡಿದ. ಹಾರ್ಮೋನಿಯಂ ನುಡಿಸುವವರು ಜಗಳವಾಡಿ ಎದ್ದು ಹೋದ ಸಂಜೆ, ಅದೇ ಗುಮಾಸ್ತರ ಮಗಳನ್ನು, ರಾಜನಾದವನ ತಂಗಿಯನ್ನು, ಹಿಡಿದು ತಂದು ಪೆಟ್ಟಿಗೆಯ ಮುಂದೆ ಕೂರಿಸಿದರು. ಆಗ ಅವಳಿಗೆ ಎರಡು ಜಡೆ. ಮುಂದೆ ಗುಮಾಸ್ತರು ತೀರಿಕೊಂಡರು, ವಿರಾಮದ ಕೋಣೆ ಕೈತಪ್ಪಿತು, ಸಂಘ ಕುರ್ಚಿ ಮೇಜು ಮಾರುವ ಅಂಗಡಿಯೊಂದರ ಮಹಡಿಗೆ ಬಂತು. ಅವಳು ಮಾತ್ರ ಕೂತಲ್ಲೇ ಇದ್ದಳು. ಈಗ ತಲೆ ಅರ್ಧ ನೆರೆತಿದೆ. ಸಂಘದವರಿಗೆಲ್ಲ ಅವಳು ಪೆಟ್ಟಿಗೆಯಕ್ಕ.

ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜುವ ಕೆಲಸ. ಸಂಜೆ ಮಹಡಿ ಹತ್ತುವಷ್ಟರಲ್ಲಿ ಭುಜ ಮರಗಟ್ಟಿರುತ್ತಿತ್ತು. ಆದರೂ ಹತ್ತುತ್ತಿದ್ದಳು, ಅಣ್ಣನಿಗಾಗಿ. ಔಷಧಿ ಅಂಗಡಿಯಲ್ಲಿ ದಿನವಿಡೀ "ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು" ಎಂದು ಹೇಳಿ ಹೇಳಿ ಸೊರಗಿದ ಅಣ್ಣ, ರಂಗದ ಮೇಲೆ ನಿಂತರೆ ಬೇರೆಯೇ ಮನುಷ್ಯ. ಅದನ್ನು ಅವನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಮೇಲಿನ ಸ್ವರಕ್ಕೆ ಅವನ ಗಂಟಲು ತಿಣುಕತೊಡಗಿದ ವರ್ಷ, ಯಾರಿಗೂ ಹೇಳದೆ ಶ್ರುತಿಯನ್ನು ಒಂದು ಮನೆ, ಅಂದರೆ ಪೆಟ್ಟಿಗೆಯ ಒಂದು ಕೀಲಿಯಷ್ಟು, ಕೆಳಗಿಳಿಸಿದಳು. ಕೆಲವು ವರ್ಷ ಕಳೆದು ಇನ್ನೊಂದು. ಆಮೇಲೆ ಮತ್ತೊಂದು.

ಈ ಸಲ ರಾಣಿಯಾಗಿದ್ದ ನರ್ಸಮ್ಮ ತಾಲೀಮಿನ ನಡುವೆಯೇ ಹಾಡು ನಿಲ್ಲಿಸಿಬಿಟ್ಟಳು.

"ಪೆಟ್ಟಿಗೆಯಕ್ಕಾ, ನಾನು ಹಾಡ್ತಿದೀನೋ ಗೊಣಗ್ತಿದೀನೋ ನನಗೇ ಗೊತ್ತಾಗ್ತಿಲ್ಲ. ಇಷ್ಟು ಕೆಳಗೆ ನನ್ನ ಗಂಟಲು ಇಳಿಯಲ್ಲ. ಆಸ್ಪತ್ರೆ ಪಾಳಿ ಮುಗಿಸಿ ನಿದ್ದೆಗೆಟ್ಟು ಬರೋದು ಇದಕ್ಕಾ? ಶ್ರುತಿ ಏರಿಸಿ, ಇಲ್ಲ ನನ್ನನ್ನ ಬಿಟ್ಬಿಡಿ."

ಔಷಧಿ ಅಂಗಡಿಗೆ ಸರಕು ಬಂದಿದ್ದರಿಂದ ಅಣ್ಣ ಆ ದಿನ ಇರಲಿಲ್ಲ. ಸಖಿಯರ ಸಾಲು ಪೂರ್ತಿ ನೆಲ ನೋಡುತ್ತಿತ್ತು. ಎಲ್ಲರ ಮಾತೂ ಅದೇ ಎಂದು ಅವಳಿಗೆ ತಿಳಿಯಿತು.

ಮಾರನೆಯ ಮಧ್ಯಾಹ್ನ ಔಷಧಿ ಅಂಗಡಿಗೆ ಹೋದಳು. ಕೆಮ್ಮಿನ ಔಷಧಿಗೆ ಬಂದಿದ್ದ ಗಿರಾಕಿ ಕೆಮ್ಮುತ್ತ ಮರೆಯಾಗುವವರೆಗೂ ಕಾದಳು.

"ಅಣ್ಣಾ, ಶ್ರುತಿ ಏರಿಸ್ಬೇಕಂತೆ."

"ಏರಿಸು. ನಾನೇನು ಬೇಡ ಅಂದ್ನಾ?" ಅಣ್ಣ ಮಾತ್ರೆಯ ಹಾಳೆ ಕತ್ತರಿಸುತ್ತಿದ್ದ.

"ನಿನಗೆ ಕಷ್ಟ ಆಗುತ್ತೆ. ನಿನ್ನ ಗಂಟಲು ನೋಡಿ ನಾನೇ ಇಳಿಸ್ತಾ ಬಂದಿದೀನಿ. ಈಗ ಮೂರು ಮನೆ ಕೆಳಗಿದೆ."

ಕತ್ತರಿ ನಿಂತಿತು. "ನನಗೆ ಹೇಳ್ದೆ?"

"ಹೇಳಿದ್ರೆ ಒಪ್ತಿದ್ಯಾ?"

ಅಣ್ಣನ ಕಿವಿ ಕೆಂಪಾಯಿತು. "ಸಂಜೆ ಬರ್ತೀನಿ. ಅಪ್ಪನ ಕಾಲದಲ್ಲಿ ಎಲ್ಲಿತ್ತೋ ಅಲ್ಲಿಗೇ ಇಡು. ಹಾಡಿ ತೋರಿಸ್ತೀನಿ."

ಸಂಜೆ ಅವಳು ಹಾಗೇ ಇಟ್ಟಳು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ದನಿ ಏರಬೇಕಾದ ಕಡೆ ಒಡೆದು ಹೋಯಿತು. ಮತ್ತೆ ಹಾಡಿದ, ಮತ್ತೆ ಒಡೆಯಿತು. ಮೂರನೆಯ ಸಲಕ್ಕೆ ಎತ್ತಿದ ಕೈಯನ್ನು ಹಾಗೇ ಇಳಿಸಿದ. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ.

"ನರ್ಸಮ್ಮಾ, ನಿಮ್ಮ ಪಾಲಿಂದು ಹಾಡಿ," ಎಂದು ಹೇಳಿ ಅಲ್ಲಿದ್ದ ಹೊಸ ಕುರ್ಚಿಯೊಂದರಲ್ಲಿ ಕೂತ. ನರ್ಸಮ್ಮನ ದನಿ ಸಲೀಸಾಗಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅಣ್ಣ ಕೊನೆಯವರೆಗೂ ಕೇಳಿದ. "ಹೀಗಿತ್ತಾ ಈ ಹಾಡು! ಮರ್ತೇ ಹೋಗಿತ್ತು," ಎಂದು ಎದ್ದು, ಮಂತ್ರಿಯಾಗಿದ್ದ ಬ್ಯಾಂಕಿನ ಹುಡುಗನ ಕೈಗೆ ಮರದ ಕತ್ತಿ ಕೊಟ್ಟ. "ರಾಜ ನೀನೇ ಆಗು. ತೋಳು ಅಗಲ ಮಾಡಿ ನಿಲ್ಲು, ಬ್ಯಾಂಕಲ್ಲಿ ಕೂತ ಹಾಗಲ್ಲ."

ಅಣ್ಣ ತಂಗಿ ಒಟ್ಟಿಗೇ ಮನೆ ಕಡೆ ನಡೆದರು. ಬೀದಿಯ ತಿರುವಿನಲ್ಲಿ ಅವಳು ಕೇಳಿದಳು.

"ಬೇಜಾರಾಯ್ತಾ ಅಣ್ಣಾ?"

"ಬೇಜಾರಲ್ಲ ಕಣೇ. ಮಂಡಿ ನೋವು. ಯಾವತ್ತೋ ಬಿಡಬೇಕು ಅಂತಿದ್ದೆ."

"ಮತ್ತೆ ಯಾಕೆ ಬಿಡ್ಲಿಲ್ಲ?"

"ನಾನು ಬಿಟ್ರೆ ನೀನೂ ಬಿಡ್ತೀಯ. ಮದ್ವೆ ಬೇಡ ಅಂದೆ, ಮನೆ ಬಿಟ್ರೆ ಆ ಗಾಜು. ನಿನಗೆ ಈ ಪೆಟ್ಟಿಗೆ ಒಂದೇ ಅಲ್ವಾ ಇರೋದು ಅಂತ..."

ಅವಳು ನಡುಬೀದಿಯಲ್ಲಿ ನಿಂತುಬಿಟ್ಟಳು. ಬಯ್ಯಬೇಕೆನಿಸಿತು. "ನಾನು ಬರ್ತಿದ್ದದ್ದು ನಿನಗೋಸ್ಕರ," ಎಂದಳು. ಅಣ್ಣ ಅವಳ ಮುಖ ನೋಡಿದ. ಇಬ್ಬರಿಗೂ ನಗು ಬಂತು, ಆದರೆ ನಗುವಷ್ಟು ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ.

ಅಣ್ಣ ಬಿಟ್ಟ. ಅವಳಿಗೆ ಬಿಡಲಾಗಲಿಲ್ಲ, ಪೆಟ್ಟಿಗೆ ನುಡಿಸಬಲ್ಲವರು ಬೇರೆ ಯಾರೂ ಇರಲಿಲ್ಲ, ನಾಟಕ ಹತ್ತಿರ ಬಂದಿತ್ತು. "ನಿಮ್ಮಣ್ಣ ಈಗ ಬಿಸಿ ಇರುವಾಗ್ಲೇ ಊಟ ಮಾಡ್ತಾರೆ, ನೀನು ದೊಡ್ಡ ಉಪಕಾರ ಮಾಡ್ದೆ," ಎಂದು ಅತ್ತಿಗೆ ಕಂಡಾಗಲೆಲ್ಲ ಕೊಂಡಾಡಿದಳು.

ನಾಟಕದ ದಿನ ಬ್ಯಾಂಕಿನ ಹುಡುಗ ತೋಳು ಅಗಲ ಮಾಡಿ ನಿಂತು ಚೆನ್ನಾಗಿಯೇ ಹಾಡಿದ. ಪ್ರೇಕ್ಷಕರ ಮೂರನೆಯ ಸಾಲಿನಲ್ಲಿ ಅಣ್ಣ ಅತ್ತಿಗೆಯ ಹೆಗಲಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದ. ಪಕ್ಕದ ಪರದೆಯ ಸಂದಿಯಿಂದ ಅದು ಅವಳಿಗೆ ಕಂಡಿತು. ಅಣ್ಣನನ್ನು ಕಂಡು ಹೊಟ್ಟೆಕಿಚ್ಚಾದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಅಷ್ಟರಲ್ಲಿ ಸಖಿಯರು ಸಾಲಾಗಿ ಬಂದು ಅವಳ ಕಡೆ ನೋಡಿದರು. ಅವಳು ಪೆಟ್ಟಿಗೆಯ ತಿದಿ ಒತ್ತಿ ಅವರಿಗೆ ಶ್ರುತಿ ಕೊಟ್ಟಳು.